ಖಾರ ಬಿಟ್ಟಾಕೆ

ಚೀಟಿ ಕೇಳುವುದನ್ನು ನಾವು ಬಿಟ್ಟು ಆಗಲೇ ವರ್ಷದ ಮೇಲಾಗಿತ್ತು. ಚಿತ್ತಾಪುರದ ನಮ್ಮ ಎರಡು ಕೋಣೆಯ ಹಲ್ಲಿನ ದವಾಖಾನೆಯಲ್ಲಿ ಮೊದಮೊದಲು ಹಾಗಿರಲಿಲ್ಲ. ಹೊಸಬರು ಯಾರೇ ಬಂದರೂ ದಂತವೈದ್ಯರು ಮೊದಲು ನೋಡಬೇಕು, ಅವರು ಚೀಟಿ ಬರೆದ ಮೇಲೆ ನಾನು ಕೈ ಹಚ್ಚಬೇಕು. ಆದರೆ ವೈದ್ಯರು ನಮ್ಮಲ್ಲಿ ಇರುವುದು ವಾರಕ್ಕೆ ಎರಡೇ ದಿನ. ಉಳಿದಂತೆ ಸೇಡಂ, ನಡುವೆ ಚಿಂಚೋಳಿ. ಶಹಾಬಾದಿನ ಕಲ್ಲಿನ ಗಣಿಯಿಂದಲೋ ವಾಡಿಯಿಂದಲೋ ಒಂದು ದಿನದ ಕೆಲಸ ಬಿಟ್ಟು ಬಂದವರಿಗೆ "ಸೋಮವಾರ ಬರ್ರಿ" ಎಂದರೆ ಅವರು ಸೋಮವಾರವೂ ಬರುತ್ತಿರಲಿಲ್ಲ, ಮುಂದೆಂದೂ ಬರುತ್ತಿರಲಿಲ್ಲ. ಕೊನೆಗೆ ವೈದ್ಯರೇ ಸೋತು ಹೇಳಿದರು: "ಬರೇ ಸಫಾಯಿಗೆ ಬಂದೋರ್ನ ತಗೋರಿ ಸಿಸ್ಟರ್. ಕಾರ್ಡ್ ಬರೀರಿ, ಫೋಟೋ ಕಳಸ್ರಿ, ಸಂಜಿಗೆ ನೋಡ್ತೀನಿ. ಸಂಶೆ ಬಂತಂದ್ರ ಕೈ ತಗೀರಿ."

ನಾನು ಡೆಂಟಲ್ ಹೈಜೀನಿಸ್ಟ್. ಹಲ್ಲಿಗೆ ಕಟ್ಟಿದ ಕಿಟ್ಟ ತೆಗೆಯುವುದು, ಕರೆ ಉಜ್ಜಿ ಹೊಳಪು ಕೊಡುವುದು, ಬ್ರಶ್ ಹಿಡಿಯಲು ಕಲಿಸುವುದು ನನ್ನ ಕೆಲಸ. ಸೂಜಿ ಚುಚ್ಚುವಂತಿಲ್ಲ, ಹಲ್ಲು ಕೀಳುವಂತಿಲ್ಲ, ರೋಗಕ್ಕೆ ಹೆಸರಿಡುವಂತಿಲ್ಲ. ಜನ 'ಡಾಕ್ಟರಬಾಯಿ' ಎಂದಾಗಲೆಲ್ಲ "ನಾ ಡಾಕ್ಟರ್ ಅಲ್ರಿ" ಎಂದು ತಿದ್ದುತ್ತೇನೆ. "ಹೌದ್ರಿ ಡಾಕ್ಟರಬಾಯಿ" ಎಂದು ಒಪ್ಪಿಕೊಳ್ಳುತ್ತಾರೆ.

ಕಿಟ್ಟ ತೆಗೆಯುವ ಯಂತ್ರ ಹಿಡಿಯುವ ಮೊದಲು ಮಾಡಬೇಕಾದ ಒಂದು ಕ್ರಮವಿದೆ. ತುಟಿ ಮಗುಚಿ ನೋಡಬೇಕು. ಕೆನ್ನೆಯ ಒಳಗೋಡೆ, ಅಂಗುಳ, ನಾಲಗೆಯ ಅಡಿ. ಆಮೇಲೆ ಗಾಜ್ ಎನ್ನುವ ತೆಳು ಜಾಳು ಬಟ್ಟೆಯಿಂದ ನಾಲಗೆಯ ತುದಿ ಹಿಡಿದೆಳೆದು ಅದರ ಎರಡೂ ಅಂಚನ್ನು ಬುಡದವರೆಗೆ ನೋಡಬೇಕು. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಬೆರಳಾಡಿಸಬೇಕು. ಎಲ್ಲ ಸೇರಿ ಮೂರು ನಿಮಿಷದ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಬಾಯಿಯ ಹುಣ್ಣಿಗೆ ಬೇಕು ಎಂದು ನಮಗೆ ಕಲಿಸಿದವರು ನಗುತ್ತ ಹೇಳುತ್ತಿದ್ದರು. ಚೀಟಿ ಇಲ್ಲದೆ ಬಂದವರ ವಿಷಯದಲ್ಲಿ ಈ ಮೂರು ನಿಮಿಷದ ಕೆಲಸವನ್ನು ನನ್ನನ್ನು ಬಿಟ್ಟರೆ ಬೇರೆ ಯಾರೂ ಮಾಡುವವರಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಹೋಳಿ ಮುಗಿದ ವಾರ, ಮಂಗಳವಾರ, ವೈದ್ಯರಿಲ್ಲದ ದಿನ ಆಕೆ ಬಂದಳು. ಸನ್ನತಿ ಕಡೆಯ ಹೊಳೆದಂಡೆಯ ಊರಿನವಳು, ವಯಸ್ಸು ನಲವತ್ತರ ಆಚೀಚೆ. ಹಿಂದಿನವರು ಭೀಮೆಯಲ್ಲಿ ಮೀನು ಹಿಡಿದವರು. ಈಕೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಸುಟ್ಟ ತಂಬಾಕಿನ ಪುಡಿ ಮಿಶ್ರಿಯನ್ನು ದಿನಾ ಮುಂಜಾನೆ ತಿಕ್ಕಿ ತಿಕ್ಕಿ ಹಲ್ಲು ಕಪ್ಪಾಗಿದ್ದವು.

"ಶುಕ್ರವಾರ ಮಗಳ ನಿಶ್ಚಯ ಅದರಿ" ಎಂದಳು. "ಬೀಗರು ಸೇಡಂನೋರು, ಬೆಳ್ಳನ ಹಲ್ಲಿನ ಮಂದಿ. ಖಾಲಿ ಸಾಫ್ ಮಾಡಿಕೊಡ್ರಿ. ಡಾಕ್ಟರ್ ಗೀಕ್ಟರ್ ಬ್ಯಾಡ."

"ಡಾಕ್ಟರ್ ಯಾಕ ಬ್ಯಾಡ್ರಿ ಅಕ್ಕಾ?"

"ಅವ್ರು ನೋಡಿದ್ರ ಏನರ ಒಂದ್ ತಗೀತಾರ."

ನಕ್ಕು ಕಾರ್ಡು ಬರೆಯಲು ಕುಳಿತೆ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಗುಳಿಗೆ ಯಾವುದೂ ಇಲ್ಲ. ಊಟ ಸರಿಯಾಗಿ ಹೋಗುತ್ತದೆಯೇ ಎಂದು ಕೇಳಿದೆ.

"ಹೋಗ್ತದ್ರಿ. ಖಾರ ಬಿಟ್ಟೀನಿ."

ತಲೆ ಎತ್ತಿ ನೋಡಿದೆ. ಹಣೆ ತುಂಬ ಕುಂಕುಮ. ನಾನು ಡಿಪ್ಲೊಮಾ ಪರೀಕ್ಷೆ ಬರೆದ ವರ್ಷ ನಮ್ಮವ್ವ ಫಲಿತಾಂಶ ಬರುವವರೆಗೆ ಚಹಾ ಬಿಟ್ಟಿದ್ದಳು. "ಮಗಳ ಸಲುವಾಗಿ ಹರಕಿ ಏನ್ರಿ?" ಎಂದೆ.

"ಸನ್ನತಿ ತಾಯಿ ಚಂದ್ರಲಾಂಬ ನೋಡ್ತಾಳ್ರಿ" ಎಂದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ವ್ಯತ್ಯಾಸ ಆಗ ನನ್ನ ಕಿವಿಗೆ ಬೀಳಲಿಲ್ಲ. 'ಆಹಾರ: ಸಪ್ಪೆ. ಹರಕೆ' ಎಂದು ಬರೆದೆ. ಎಂಥ ತಾಯಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ ಬೇರೆ.

ತುಟಿ, ಕೆನ್ನೆ, ಅಂಗುಳ ನೋಡಿದೆ. ಗಾಜ್ ಬಟ್ಟೆ ನಾಲಗೆಗೆ ತಾಗಿದ್ದೇ ತಡ ಓಕರಿಸಿ ಎದ್ದು ಕುಳಿತಳು. "ವಾಂತಿ ಬರ್ತದ್ರಿ. ಅದ್ಯಾಕ ಬೇಕು, ನಾಲಗಿ ಸಾಫ್ ಅದ." ಒಂದು ಗಂಟೆಗೆ ಆಕೆಯ ಬಸ್ಸು. ಬೇಸಿಗೆಯ ಕರೆಂಟು ಯಾವಾಗ ಹೋಗುವುದೋ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡೆ. ಆಕೆ ಖಾರ ಬಿಟ್ಟಿದ್ದಳು, ನಾನು ನಾಲಗೆ ಬಿಟ್ಟೆ.

ಕೆಳಗಿನ ಸಾಲಿನಿಂದ ಶುರು ಮಾಡಿದೆ. ಯಂತ್ರದ ತುದಿ ಹಲ್ಲಿಗೂ ಒಸಡಿಗೂ ನಡುವೆ ಸಣ್ಣಗೆ ನಡುಗುತ್ತ ಹೋಗಬೇಕು. ಒತ್ತಿದರೆ ಹಲ್ಲಿಗೆ ಗೀರು ಬೀಳುತ್ತದೆ, ಸಡಿಲ ಬಿಟ್ಟರೆ ಕಿಟ್ಟ ಬರುವುದಿಲ್ಲ. ಎಡಗಡೆ, ಮುಂದಿನ ಹಲ್ಲು, ಬಲಗಡೆಯ ಹೊರಮೈ. ಆಕೆ ನಾಲಗೆಯನ್ನು ತಾನೇ ಬಲಕ್ಕೆ ಒತ್ತಿ ಹಿಡಿದು ನನಗೆ ಜಾಗ ಮಾಡಿಕೊಟ್ಟಿದ್ದಳು. ಎಷ್ಟು ಜಾಣತನದಿಂದ ಸಹಕರಿಸುತ್ತಾಳೆ ಎಂದು ಖುಷಿಪಟ್ಟೆ. ಬಲಗಡೆಯ ಒಳಮೈಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ನಾಲ್ಕು ಸಲ ಕೂಗಿ ಸುಮ್ಮನಾಯಿತು.

ಅರ್ಧ ತಾಸು ಕಾದೆವು. ಬರಲಿಲ್ಲ. ಬಲಗಡೆಯ ಒಳಮೈ, ಮೇಲಿನ ಸಾಲು ಪೂರ್ತಿ ಉಳಿಯಿತು. ಗುರುವಾರ ಮುಂಜಾನೆ ಬರಲು ಹೇಳಿದೆ, ನಾಲಗೆ ನೋಡುವುದನ್ನೂ ಅಂದಿಗೇ ಬಿಟ್ಟೆ. ಕೈಗನ್ನಡಿಯಲ್ಲಿ ಕೆಳಗಿನ ಹಲ್ಲು ನೋಡಿಕೊಂಡು ಆಕೆ ಮದುವೆ ಹೆಣ್ಣಿನಂತೆ ನಾಚಿಕೊಂಡಳು. ಮುಂದಿನ ಹಲ್ಲಿನ ಫೋಟೋ ವೈದ್ಯರಿಗೆ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಇಬ್ಬರ ಕೆಲಸವೂ ಮುಗಿಯಿತು.

ಬುಧವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಆಕೆಯ ಮಾತು ಬಂತು. ನಮ್ಮಲ್ಲಿ ಬಾಗಿಲಲ್ಲಿ ಕೂತು ಹೆಸರು ಬರೆದುಕೊಳ್ಳುವ, ಸಾಮಾನು ಕುದಿಸಿ ತೆಗೆಯುವ ಹಿರಿಯ ಹೆಂಗಸೊಬ್ಬರಿದ್ದಾರೆ, ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. ಅವರು ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಹಚ್ಚಿಕೊಳ್ಳುತ್ತಿದ್ದರು. ಮಗಳಿಗಾಗಿ ಆ ಹೆಂಗಸು ಖಾರ ಬಿಟ್ಟಿದ್ದಾಳೆ ನೋಡಿ ಮೌಶಿ, ಎಂದೆ.

ಮೌಶಿ ತುತ್ತು ನಿಲ್ಲಿಸಿದರು. "ಖಾರ ಬಿಟ್ಟಾಳ? ಯಾರರ ಖಾರ ಬಿಡ್ತಾರೇನವ್ವ? ಸಿಹಿ ಬಿಡ್ತಾರ, ಅನ್ನ ಬಿಡ್ತಾರ, ಕಾಲಾಗ ಚಪ್ಪಲಿ ಬಿಡ್ತಾರ. ಖಾರ ಬಿಟ್ಟು ರೊಟ್ಟಿ ಯಾತರ ಕೂಡ ತಿಂತಾರ? ಬಾಯಾಗ ಏನರ ಆಗಿರಬೇಕು ಆಕಿಗಿ."

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಬಾಯಿಯ ಕಾಯಿಲೆಗಳ ಪಾಠದಲ್ಲಿ ಮೊದಲ ಪುಟದಲ್ಲೇ ಇರುವ ಮಾತು ಅದು: ಖಾರ ತಾಳದಿರುವುದು. ಪುಸ್ತಕದಲ್ಲಿ ಓದಿದ್ದನ್ನು ಆಕೆ ನಮ್ಮ ಭಾಷೆಯಲ್ಲಿ ಹೇಳಿದಾಗ ನಾನದನ್ನು ಭಕ್ತಿ ಎಂದು ಬರೆದುಕೊಂಡಿದ್ದೆ. ನಾಲಗೆಯನ್ನು ಬಲಕ್ಕೆ ಒತ್ತಿ ಹಿಡಿದಿದ್ದು ನನಗೆ ಜಾಗ ಮಾಡಲಿಕ್ಕಲ್ಲ, ಆ ಕಡೆ ಏನನ್ನೋ ಮರೆಮಾಡಲಿಕ್ಕೆ. ಮೊದಲು ಅವಮಾನವಾಯಿತು. ಅದರ ಹಿಂದೆಯೇ ಭಯ ಬಂತು.

ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಪಕ್ಕದ ಮನೆಯವರದು. "ಶಾಲಿಗಿ ಹೋಗ್ಯಾಳ್ರಿ, ಬಂದ್ರ ಹೇಳ್ತೀನಿ" ಎಂದರು. ಸಂಜೆ ಮಾಡಿದರೆ ಎತ್ತಲಿಲ್ಲ. ವೈದ್ಯರಿಗೆ ಎಲ್ಲ ಹೇಳಿದೆ, ನಾಲಗೆ ನೋಡಲಿಲ್ಲ ಎಂಬುದನ್ನೂ ಹೇಳಿದೆ.

"ನಾಳೆ ಬಂದ್ರ ಮೊದಲ ನಾಲಗಿ" ಎಂದರು. "ನಾ ಸೇಡಂನಾಗ ಒಂದೂವರಿ ತನಕ ಇರ್ತೀನಿ. ಆಮ್ಯಾಲ ಚಿಂಚೋಳಿ, ಅಲ್ಲಿಂದ ಕುಂಚಾವರಂ ಕಡಿ ಶಿಬಿರ. ಭಾನುವಾರ ತನಕ ಫೋನ್ ಸೈತ ಹತ್ತಂಗಿಲ್ಲ."

ಗುರುವಾರ ಒಂಬತ್ತಕ್ಕೆ ಬರಬೇಕಾದವಳು ಹತ್ತಾದರೂ ಬರಲಿಲ್ಲ. ಮೌಶಿ ಬಾಗಿಲಿಗೂ ರಸ್ತೆಗೂ ನಾಲ್ಕು ಸಲ ಓಡಾಡಿದರು. ಹತ್ತೂಕಾಲಿಗೆ ಆಕೆ ಕೈಯಲ್ಲಿ ಬಳೆಯ ಪೊಟ್ಟಣ ಹಿಡಿದು ನಗುತ್ತ ಬಂದಳು, ನಿಶ್ಚಯದ ಸಂತೆ ಮುಗಿಸಿ.

ಕುರ್ಚಿಯಲ್ಲಿ ಕೂರಿಸಿ ನಾಲಗೆಯ ತುದಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. "ಮೂಗಿಲೆ ಉಸಿರ ತಗೋರಿ. ಎಡಗಾಲ ಜರಾ ಎತ್ತಿ ಹಿಡೀರಿ, ಇಳಸಬ್ಯಾಡ್ರಿ." ಮನಸ್ಸು ಕಾಲಿನ ಕಡೆ ಹೋದರೆ ಓಕರಿಕೆ ಕಡಿಮೆಯಾಗುತ್ತದೆ. ಮಂಗಳವಾರವೂ ಇದನ್ನು ಮಾಡಬಹುದಿತ್ತು. ನಾಲಗೆ ಹಿಡಿದು ಎಡಕ್ಕೆ ಎಳೆದೆ.

ಬಲ ಅಂಚಿನಲ್ಲಿ, ಹಿಂದೆ, ದವಡೆ ಹಲ್ಲಿನ ಪಕ್ಕ ಒಂದು ಹುಣ್ಣು ಇತ್ತು. ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ನಡುವೆ ಕೆಂಪು, ಅಂಚು ದಪ್ಪಗೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಸುತ್ತಲಿನ ಮಾಂಸದಂತೆ ಮೆತ್ತಗಿರಲಿಲ್ಲ, ಒಣಗಿದ ತೊಗಲಿನಂತೆ ಗಟ್ಟಿ. "ನೋಯ್ತದೇನ್ರಿ?" ಎಂದರೆ ಇಲ್ಲ ಎಂದು ತಲೆಯಾಡಿಸಿದಳು. ನೋಯುತ್ತದೆ ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು; ಹೆದರಬೇಕಾದದ್ದು ನೋಯದ ಗಟ್ಟಿ ಹುಣ್ಣಿಗೆ. ಕುತ್ತಿಗೆಯಲ್ಲಿ ಗಂಟೇನೂ ಸಿಗಲಿಲ್ಲ, ಆದರೆ ಆ ಹೊತ್ತು ನನ್ನ ಬೆರಳುಗಳ ಮೇಲೆ ನನಗೇ ನಂಬಿಕೆ ಇರಲಿಲ್ಲ.

"ಅಕ್ಕಾ, ಖಾರ ಯಾವಾಗ ಬಿಟ್ಟೀರಿ?"

ಬಳೆಯ ಪೊಟ್ಟಣದ ದಾರ ಸುತ್ತುತ್ತ, ಬಿಚ್ಚುತ್ತ ಕುಳಿತಳು. "ಎಳ್ಳ ಅಮಾಸಿಗ್ರಿ. ಹೊಲದಾಗ ಎಲ್ಲಾರೂ ಭಜ್ಜಿ ತಿನ್ನಾಕತ್ತಿದ್ರು. ನಾ ಒಂದ್ ತುತ್ತು ಇಟ್ಟೆ, ಕೆಂಡ ಇಟ್ಟಂಗಾತು."

"ಹರಕಿ ಅಂದಿದ್ರಲ್ಲ?"

"ನಾ ಎಲ್ಲಿ ಅಂದೆ? ನೀವ್ ಅಂದ್ರಿ. ಮನ್ಯಾಗ ಅತ್ತಿ ಅಂದ್ಳು. ಶಾಲ್ಯಾಗ ಸಾರಿನ ರುಚಿ ನೋಡಲಿಲ್ಲಂದ್ರ ಅಲ್ಲೀನೂ ಹಂಗೇ ಅಂದ್ರು. ತಾಯಿ ಹೆಸರಿಲೆ ಹೂಂ ಅಂದೆ." ಸ್ವಲ್ಪ ತಡೆದು ಸೇರಿಸಿದಳು: "ಬಾಯಾಗ ಹುಣ್ಣು ಅಂದ್ರ ದವಾಖಾನಿ ಅಂತಾರ. ನಿಶ್ಚಯ ಮುಂದಕ್ಕ ಹಾಕ್ತಾರ. ಬೀಗರು ಒಂದಕ್ಕ ಹತ್ತು ಮಾತಾಡ್ತಾರ. ಅದು ಬ್ಯಾಡ್ರಿ. ಮ್ಯಾಲಿನ ಹಲ್ಲ ಮಾಡಿಕೊಡ್ರಿ, ನಾ ಸೋಮವಾರ ಬರ್ತೀನಿ."

ಈ 'ಬರ್ತೀನಿ' ನನಗೆ ಹೊಸದಲ್ಲ. ಅದಕ್ಕೂ ಹಿಂದಿನ ವರ್ಷ ಶಹಾಬಾದಿನ ಕಲ್ಲಿನ ಕೆಲಸದವನೊಬ್ಬ ಕೆನ್ನೆಯಲ್ಲಿ ಬಿಳಿ ಮಚ್ಚೆ ಇಟ್ಟುಕೊಂಡು ಇದೇ ಮಾತು ಹೇಳಿ ಹೋಗಿದ್ದ. ಎಂಟು ತಿಂಗಳ ಮೇಲೆ ಬಂದ, ಕುತ್ತಿಗೆ ಬಾತುಕೊಂಡು. ಆಮೇಲೆ ಅವನು ಬಹಳ ದಿನ ಇರಲಿಲ್ಲ.

ನಾನು ಯಂತ್ರದ ತುದಿ ಬಿಚ್ಚಿ ತಟ್ಟೆಯಲ್ಲಿಟ್ಟೆ. "ನಾ ಮಾಡಂಗಿಲ್ಲ" ಎಂದೆ.

"ಅಂದ್ರ?"

"ಡಾಕ್ಟರ್ ನೋಡೋ ತನಕ ಒಂದ್ ಹಲ್ಲಿಗೂ ಕೈ ಹಚ್ಚಂಗಿಲ್ಲ."

ಆಕೆಯ ಮುಖ ಕೆಂಪಾಯಿತು. "ಕೆಳಗ ಬೆಳ್ಳಗ, ಮ್ಯಾಲ ಕರ್ರಗ. ಹಿಂಗ ಬೀಗರ ಮುಂದ ಕುಂದ್ರಲೇನು? ನಗಿಗೇಡು ಮಾಡಬೇಕಂತ ಅರ್ಧ ಮಾಡಿದ್ರೇನು?"

ಇದು ನ್ಯಾಯವಲ್ಲ ಎಂದು ನನಗೂ ಗೊತ್ತಿತ್ತು. ಆಕೆ ತಾನಾಗಿ ಬಂದವಳು, ಕೇಳಿದ್ದು ಸಫಾಯಿ ಮಾತ್ರ. ಸಾಫ್ ಮಾಡಿ ಕಳಿಸಿದರೆ ನನ್ನ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ಹಲ್ಲು ಬೆಳ್ಳಗಾದ ಮೇಲೆ ಆಕೆಗೆ ನನ್ನಿಂದ ಬೇಕಾದದ್ದು ಇನ್ನೇನೂ ಇರುತ್ತಿರಲಿಲ್ಲ. ರೋಗದ ಹೆಸರು ಹೇಳುವ ಅಧಿಕಾರ ನನಗಿಲ್ಲ. ನನ್ನ ಕೆಲಸವನ್ನು ಮಾಡುವುದಿಲ್ಲ ಎನ್ನುವ ಅಧಿಕಾರ ಮಾತ್ರ ಇತ್ತು, ಅದನ್ನೇ ಹಿಡಿದುಕೊಂಡೆ.

"ಈಗಿಂದೀಗ ನನ್ನ ಕೂಡ ಸೇಡಂಕ ಬರ್ರಿ. ಡಾಕ್ಟರ್ ನೋಡಲಿ. ಮ್ಯಾಲಿನ ಹಲ್ಲ ಅಲ್ಲೇ ಮಾಡಿಕೊಡ್ತೀನಿ, ಸಂಜಿಗೆ ಊರು ಮುಟ್ತೀರಿ."

"ಏನಾಗ್ಯಾದ ಅದನ್ನರ ಹೇಳ್ರಿ."

"ನನಗ ಗೊತ್ತಿಲ್ರಿ ಅಕ್ಕಾ. ಅದಕ್ಕೇ ಗೊತ್ತಿದ್ದೋರ ಹತ್ರ ಹೋಗೋದು."

"ಸೇಡಂನಾಗ ಬೀಗರು ನೋಡಿದ್ರ?"

ಮೌಶಿ ಬಾಗಿಲಿಂದಲೇ ಉತ್ತರ ಕೊಟ್ಟರು. "ಸೆರಗ ಮುಚಗೊಂಡು ನಡಿಯವ್ವ. ಬಳಿ ತಗೊಳಾಕ ಬಂದಿದ್ದೆ ಅನ್ನು. ಕೈಯಾಗ ಬಳಿ ಅದಾವಲ್ಲ."

ದವಾಖಾನೆ ಮೌಶಿಯ ಕೈಗೆ ಬಿಟ್ಟು ಸ್ಟೇಷನ್ನಿಗೆ ಓಡಿದೆವು. ಪ್ಯಾಸೆಂಜರ್ ತಡವಾಗಿ ಬಂತು, ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಹೊರಟಿತು. ಮಳಖೇಡದ ಹತ್ತಿರ ಸಿಮೆಂಟಿನ ಗೂಡ್ಸ್ ಗಾಡಿಗೆ ದಾರಿ ಬಿಡಲು ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ವೈದ್ಯರ ಫೋನನ್ನು ಅಲ್ಲಿಯ ಸಹಾಯಕ ಎತ್ತಿ, ಸರ್ ಹಲ್ಲು ಕೀಳುತ್ತಿದ್ದಾರೆ, ಹೇಳುತ್ತೇನೆ ಎಂದ. ಹೇಳಿದನೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ. ಎದುರಿಗೆ ಆಕೆ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಮ್ಮೆ ಎದ್ದು ಬಾಗಿಲ ತನಕ ಹೋದಳು. ಇಳಿದುಬಿಡುತ್ತಾಳೆ ಎಂದೇ ನಾನು ಹಿಂದೆ ಹೋಗಿ ನಿಂತೆ. ಇಳಿಯಲಿಲ್ಲ. "ಬಿಸಿಲು ಭಾಳ ಅದ" ಎಂದು ತಿರುಗಿ ಬಂದು ಕುಳಿತಳು.

ಸೇಡಂ ದವಾಖಾನೆ ಮುಟ್ಟಿದಾಗ ಒಂದೂ ಮೂವತ್ತೈದು. ವೈದ್ಯರು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ನನ್ನ ಮುಖ ನೋಡಿದರು, ಏನೂ ಕೇಳದೆ ಒಳಗೆ ಹೋಗಿ ದೀಪ ಹಾಕಿದರು.

ನಾಲಗೆ ಹಿಡಿದು ಬಹಳ ಹೊತ್ತು ನೋಡಿದರು. ಕುತ್ತಿಗೆಯ ಬಲಗಡೆ ಒಂದು ಜಾಗದಲ್ಲಿ ಅವರ ಬೆರಳು ನಿಂತಿತು, ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಕೊನೆಗೆ ಇಲ್ಲ ಎಂಬಂತೆ ತಲೆಯಾಡಿಸಿದರು. ಕಾರ್ಡು ತೆಗೆದುಕೊಂಡು ಓದಿದರು.

"ಹರಕಿ ಅಂದ್ರೇನು ಇದು?"

ಹೇಳಿದೆ. ಪೆನ್ನು ತೆಗೆದು ಆ ಪದ ಹೊಡೆದುಹಾಕಲು ಕೈ ಚಾಚಿದೆ.

"ಹೊಡೀಬ್ಯಾಡ್ರಿ. ಅದು ಹಂಗೇ ಇರಲಿ. ಕೆಳಗ ಬರೀರಿ, ಖಾರ ತಾಳವಲ್ದು, ಎಳ್ಳಮಾಸಿಯಿಂದ." ಆಮೇಲೆ ನನಗಷ್ಟೇ ಕೇಳುವಂತೆ ಹೇಳಿದರು: "ಹದಿನೈದು ದಿನದ ಹುಣ್ಣಾಗಿದ್ರ ಕಾದು ನೋಡ್ತಿದ್ದೆ. ಮೂರು ತಿಂಗಳಿಂದು ಕಾಯಂಗಿಲ್ಲ."

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು, ಸೋಮವಾರಕ್ಕೆ. ಅಲ್ಲಿಯ ವೈದ್ಯರಿಗೆ ತಾವೇ ಫೋನ್ ಮಾಡಿದರು. ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು ಎಂದು ಆಕೆಗೆ ನಿಧಾನವಾಗಿ ತಿಳಿಸಿದರು. ನಾನು ಮೇಲಿನ ಹಲ್ಲಿಗೆ ಯಂತ್ರ ಜೋಡಿಸಲು ಹೋದೆ.

"ಬ್ಯಾಡ" ಎಂದರು. "ಪರೀಕ್ಷಾ ಆಗೋ ತನಕ ಆ ಬಾಯಾಗ ಮಶೀನ್ ಬ್ಯಾಡ."

ಆಕೆ ಕುರ್ಚಿಯಿಂದ ಇಳಿದಳು. ಬಳೆಯ ಪೊಟ್ಟಣ ತೆಗೆದುಕೊಂಡಳು. ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಬಸ್ಸು ಹತ್ತುವಾಗ ತಿರುಗಿ, "ನಾ ಒಬ್ಬಾಕಿನೇ ಸುಳ್ಳು ಹೇಳಿಲ್ಲ ಬಿಡ್ರಿ" ಎಂದಳು. ಮೇಲಿನ ಹಲ್ಲು ಮಾಡಿಕೊಡುತ್ತೇನೆ ಎಂದು ಕರೆತಂದವಳು ನಾನೇ.

ಶುಕ್ರವಾರ, ಶನಿವಾರ, ಭಾನುವಾರ. ನಾನು ಕೆಲಸ ಮಾಡಿದೆ, ಎಲ್ಲರ ನಾಲಗೆ ಎಳೆದು ನೋಡಿದೆ, ಬ್ರಶ್ ಹಿಡಿಯಲು ಕಲಿಯಬಂದವರ ನಾಲಗೆಯನ್ನೂ ಬಿಡಲಿಲ್ಲ. ಮೌಶಿ ಬೈದರು. ಸೋಮವಾರ ಮಧ್ಯಾಹ್ನದವರೆಗೂ ಸುದ್ದಿ ಇಲ್ಲ. ಅವಳನ್ನು ಹಟ ಮಾಡಿ ಎಳೆದೊಯ್ದು ನಾನೇ ಓಡಿಸಿಬಿಟ್ಟೆ ಎಂದುಕೊಂಡೆ. ಮೂರು ಗಂಟೆಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಹುಡುಗಿಯ ದನಿ.

"ಅವ್ವನ್ನ ಕಲಬುರಗಿಗಿ ಕರಕೊಂಡು ಬಂದೀವ್ರಿ. ಚೂರು ತಗದಾರ. ಚೀಟಿ ಮ್ಯಾಲ ನಿಮ್ಮ ದವಾಖಾನಿ ನಂಬರ್ ಇತ್ತು, ಹೇಳೋಣಂತ ಮಾಡಿದೆ."

"ಅವ್ವ ತಾನೇ ಹೇಳಿದ್ಲೇನವ್ವ?"

"ಎಲ್ಲಿ ಹೇಳ್ತಾಳ್ರಿ. ನಿಶ್ಚಯದಾಗ ಎಲ್ಲಾರ ಮುಂದ ನಕ್ಕಳು. ಕೆಳಗಿನ ಹಲ್ಲ ಬೆಳ್ಳಗ, ಮ್ಯಾಲಿನವು ಕರ್ರಗ. ಮಂದಿ ಹೋದಮ್ಯಾಲ ನಾನೇ ಕೇಳಿದೆ, ಅರ್ಧ ಯಾಕ ಬಿಟ್ಟೀ ಅಂತ. ಅದಕ್ಕ ಹರಕಿ ಅನ್ನಾಕ ಬರಲಿಲ್ಲ ಆಕಿಗಿ. ಅತ್ತಳು."

ಪರೀಕ್ಷೆಯ ಫಲಿತಾಂಶ ನಾವು ಹೆದರಿದಂತೆಯೇ ಬಂತು. ಆದರೆ ಸಣ್ಣದಿರುವಾಗಲೇ ಸಿಕ್ಕಿತ್ತು, ಕುತ್ತಿಗೆಗೆ ಇಳಿದಿರಲಿಲ್ಲ. ನಾಲಗೆಯ ಬಲ ಅಂಚಿನ ಒಂದು ಭಾಗ ತೆಗೆದರು. ನಮ್ಮ ದವಾಖಾನೆಯಲ್ಲಿ ಚೀಟಿ ಇಲ್ಲದೆ ನೇರವಾಗಿ ಬರುವವರನ್ನು ಈಗಲೂ ತೆಗೆದುಕೊಳ್ಳುತ್ತೇವೆ. ಕಾರ್ಡಿನಲ್ಲಿ ಮಾತ್ರ ಎರಡು ಸಾಲು ಹೆಚ್ಚಾಗಿವೆ: ಖಾರ ತಿಂತೀರಾ? ಬಿಟ್ಟಿದ್ದರೆ ಯಾವಾಗಿನಿಂದ, ಯಾಕೆ? ನಾಲಗೆಯ ಎರಡೂ ಅಂಚಿನ ಫೋಟೋ ಹೋಗದೆ ನಾನು ಯಂತ್ರ ಮುಟ್ಟುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ಬಂದಳು, ಅದೂ ವೈದ್ಯರಿಲ್ಲದ ದಿನ. ಸೊರಗಿದ್ದಳು. 'ರ' ಎಂಬಲ್ಲಿ ನಾಲಗೆ ಸ್ವಲ್ಪ ಜಾರುತ್ತಿತ್ತು, ಅದನ್ನು ಲೆಕ್ಕಕ್ಕಿಡದೆ ಮಾತಾಡಿದಳು. ಮೌಶಿಯ ಕೈಗೆ ಒಂದು ಡಬ್ಬಿ ಶೇಂಗಾ ಹಿಂಡಿ ಕೊಟ್ಟಳು, ತಾನೇ ಕುಟ್ಟಿ, ತಾನೇ ರುಚಿ ನೋಡಿದ್ದು.

"ಹರಕಿ ತೀರಿಸಿ ಬಂದೀನ್ರಿ" ಎಂದಳು.

"ಯಾವ ಹರಕಿ ಅಕ್ಕಾ?"

"ನೀವು ಕಾರ್ಡಿನಾಗ ಬರದೀರಲ್ಲ, ಅದು. ಸುಳ್ಳಾದ್ರೂ ತಾಯಿ ಹೆಸರು ತಗೊಂಡಿದ್ದೆ. ಆಕಿ ಬಾಕಿ ಇಟ್ಟುಕೊಳ್ಳಬಾರದು." ಕುರ್ಚಿಯ ಮೇಲೆ ತಾನಾಗಿ ಹತ್ತಿ ಕುಳಿತಳು. "ಚೀಟಿ ತಂದಿಲ್ಲ. ಮುಂದಿನ ತಿಂಗಳು ಲಗ್ನ ಅದ. ಮ್ಯಾಲಿನವು ಹಂಗೇ ಉಳದಾವ, ನೀವು ಮಾತು ಕೊಟ್ಟೀರಿ."

ಆಸ್ಪತ್ರೆಯವರು ಸಫಾಯಿಗೆ ಒಪ್ಪಿ ಬರೆದ ಕಾಗದ ಫೈಲಿನಲ್ಲಿತ್ತು. ವೈದ್ಯರಿಗೆ ಫೋನ್ ಮಾಡಿ ಕೇಳಿಕೊಂಡೆ. ಕೈಗವಸು ಹಾಕಿಕೊಂಡು ಗಾಜ್ ಬಟ್ಟೆಗೆ ಕೈ ಚಾಚಿದೆ. ನಾನು ಅದನ್ನು ಎತ್ತಿಕೊಳ್ಳುವ ಮೊದಲೇ ಆಕೆ ಬಾಯಿ ತೆರೆದು, ನಾಲಗೆಯನ್ನು ಎಡಕ್ಕೆ ಹೊರಳಿಸಿ, ಬಲಗಡೆಯನ್ನು ತೋರಿಸಿದಳು.